ಒಂದೇ ಕ್ಲಾಸಿನಲ್ಲಿ ಡೌನ್ ಸಿಂಡ್ರೋಮ್, ಆಟಿಸಂ, ಸಿಪಿ (ಸೆರೆಬ್ರಲ್ ಪಾಲ್ಸಿ, ಮಿದುಳಿನ ತೊಂದರೆಯಿಂದ ಮೈ ಕೈ ಆಡಿಸುವುದು ಕಷ್ಟವಾಗುವ ಸ್ಥಿತಿ) ಮಕ್ಕಳಿದ್ದಾರೆ. ಪ್ರತಿ ಪಾಠಕ್ಕೂ ಮೂರು ಮಟ್ಟದ ವರ್ಕ್‌ಶೀಟ್ ಮಾಡುವುದು ಸರಿಯಾ, ಅಥವಾ ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಕಲಿಸಬೇಕಾ?

ಮೇಡಂ, ನೀವು ಹೇಳುವಂಥ ಮೂರು ಮಟ್ಟದ ವರ್ಕ್‌ಶೀಟಿನ ಫೈಲುಗಳು, ಕೆಂಪು, ಹಳದಿ, ಹಸಿರು ರಟ್ಟಿನವು, ನನ್ನ ಹತ್ತಿರವೂ ಇದ್ದವು. ಲ್ಯಾಮಿನೇಷನ್ ಖರ್ಚು ನನ್ನದೇ. ಕೆಂಪು ಅಂದರೆ ಸುಲಭ, ಹಸಿರು ಅಂದರೆ ಕಷ್ಟ. ಮಗು ಕೆಂಪಿನಿಂದ ಹಸಿರಿಗೆ ಬಂದರೆ ಕಲಿಯಿತು ಅಂತ ಲೆಕ್ಕ.

ನಾನಾಗ ಒಂದು ತಾಲ್ಲೂಕು ಊರಿನ ವಿಶೇಷ ಶಾಲೆಯಲ್ಲಿದ್ದೆ. ನನ್ನ ಕ್ಲಾಸಿನಲ್ಲಿ ಡೌನ್ ಸಿಂಡ್ರೋಮ್ ಇರುವ ಹುಡುಗನೊಬ್ಬನಿದ್ದ. ನಿಜವಾದ ಹೆಸರು ಬೇಡ, ಪುಟ್ಟ ಅಂತಿಟ್ಟುಕೊಳ್ಳಿ. ವರ್ಷ ಮುಗಿಯುವ ಹೊತ್ತಿಗೆ ಪುಟ್ಟ ಹಸಿರು ಫೈಲಿಗೆ ಬಂದಿದ್ದ. ಚೀಲದಿಂದ ಪುಸ್ತಕ ತೆಗೆಯುತ್ತಿದ್ದ, ಅಂಕಿ ಹೊಂದಿಸುತ್ತಿದ್ದ, ಡಬ್ಬಿ ಬಿಚ್ಚಿ ಊಟ ಮಾಡಿ ತೊಳೆದಿಡುತ್ತಿದ್ದ. ಎಫ್‌ಎಸಿಪಿ ಪಟ್ಟಿಯಲ್ಲಿ (ಮಗುವಿಗೆ ಯಾವ ಕೆಲಸ ಎಷ್ಟು ಬರುತ್ತದೆ ಅಂತ ಗುರುತು ಹಾಕುವ ಮೌಲ್ಯಮಾಪನ ಪಟ್ಟಿ) ನಾನು ಸಾಲಾಗಿ 'ಸ್ವತಃ ಮಾಡುತ್ತಾನೆ' ಎಂದು ಬರೆದೆ. ಅವನ ಅಮ್ಮ ಅದನ್ನು ನೋಡಿ ಅವನನ್ನು ಮನೆ ಹತ್ತಿರದ ಸರ್ಕಾರಿ ಶಾಲೆಗೆ, ಅಕ್ಕ ಓದುತ್ತಿದ್ದಲ್ಲಿಗೇ, ಸೇರಿಸಿದರು. ಹಾಗೆ ಸೇರಿಸಲು ನನ್ನ ಪಟ್ಟಿ ಬೇಕಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ ಅನ್ನುವುದು ಅವರ ಆಯ್ಕೆ. ಆದರೆ ಅವರಿಗೆ ಧೈರ್ಯ ಬಂದದ್ದು ನನ್ನ ಪಟ್ಟಿ ನೋಡಿ.

ಅಲ್ಲಿ ಪುಟ್ಟ ಏನೂ ಮಾಡಲಿಲ್ಲ. ಚೀಲ ಬಿಚ್ಚುತ್ತಿರಲಿಲ್ಲ. ಬಿಸಿಯೂಟದ ತಟ್ಟೆ ಮುಂದಿಟ್ಟರೂ ಸುಮ್ಮನೆ ಕೂತಿರುತ್ತಿದ್ದ. ತುಂಬಿದ ಕ್ಲಾಸಿನಲ್ಲಿ ಆ ಟೀಚರಿಗೆ ಅವನು ಹಟಮಾರಿಯಾಗಿ ಕಂಡಿದ್ದರೆ ತಪ್ಪೇನಿಲ್ಲ. ಕೆಲವು ತಿಂಗಳಲ್ಲಿ ಶಾಲೆ ಬಿಟ್ಟ, ಮನೆಯಲ್ಲೇ ಉಳಿದ. ನಮ್ಮಲ್ಲಿಗೂ ವಾಪಸ್ ಕಳಿಸಲಿಲ್ಲ. "ನಿಮ್ಮಲ್ಲಿ ಎಲ್ಲಾ ಅವನೇ ಮಾಡ್ತಾನೆ ಅಂದಿದ್ರಲ್ಲ ಮಿಸ್?" ಅಂತ ಅವನ ಅಮ್ಮ ಕೇಳಿದರು. ನಾನು ಉತ್ತರ ಕೊಡಲಿಲ್ಲ, ಯಾಕೆಂದರೆ ಆಗ ನನಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಮೊಬೈಲಿನಲ್ಲಿ ಉಳಿದಿದ್ದ ಹಳೇ ವೀಡಿಯೋ ನೋಡಿ. ಪುಟ್ಟ ಡಬ್ಬಿ ತೆಗೆಯುತ್ತಿದ್ದಾನೆ, ನಾನು ಪಕ್ಕದಲ್ಲಿದ್ದೇನೆ. ಪ್ರತಿ ಹೆಜ್ಜೆಗೂ ಮೊದಲು ನನ್ನ ಎರಡು ಬೆರಳು ಅವನ ಮೊಣಕೈಗೆ ತಾಗುತ್ತವೆ. ಇಲ್ಲವೇ ಬಾಯಿಂದ ಒಂದು "ಹೂಂ". ಅದೂ ಇಲ್ಲದಿದ್ದರೆ ನನ್ನ ಗಲ್ಲ ಸ್ವಲ್ಪ ಮೇಲೆತ್ತುತ್ತೇನೆ. ಇದನ್ನು ನಾನು ಸಹಾಯ ಅಂತ ಎಣಿಸಿಯೇ ಇರಲಿಲ್ಲ. ಶುರುವಿನಲ್ಲಿ ಅವನ ಕೈಮೇಲೆ ಕೈ ಇಟ್ಟು ಮಾಡಿಸುತ್ತಿದ್ದೆ. ಆಮೇಲೆ ಮಣಿಕಟ್ಟಿಗೆ ಬಂದೆ, ಆಮೇಲೆ ಮೊಣಕೈಗೆ. ಅಲ್ಲಿಯವರೆಗೆ ಕ್ರಮ ಸರಿಯಾಗಿಯೇ ಇತ್ತು. ಆದರೆ ಮೊಣಕೈ ಹತ್ತಿರ ನಿಂತುಬಿಟ್ಟೆ, ನಿಂತಿದ್ದೇನೆ ಅನ್ನುವುದೂ ಗೊತ್ತಾಗಲಿಲ್ಲ. ವರ್ಕ್‌ಶೀಟಿನಲ್ಲೂ ಅದೇ ಕಥೆ. ಅಂಕಿ ಹೊಂದಿಸುವಾಗ ಅವನು ಕಾರ್ಡು ನೋಡುತ್ತಿರಲಿಲ್ಲ, ನನ್ನ ಕಣ್ಣು ನೋಡುತ್ತಿದ್ದ. ನಾನು ಯಾವ ಕಾರ್ಡಿನ ಕಡೆ ನೋಡುತ್ತೇನೋ ಅದನ್ನೇ ಎತ್ತುತ್ತಿದ್ದ. ಹೊಸ ಶಾಲೆಯಲ್ಲಿ ಮೊಣಕೈ ಮುಟ್ಟುವವರಿಲ್ಲ, ಹೂಂ ಅನ್ನುವವರಿಲ್ಲ. ಅವನು ಅದಕ್ಕೇ ಕಾಯುತ್ತಾ ಕೂತಿದ್ದ.

ಮೂರು ಬಣ್ಣದ ಫೈಲು ಇಲ್ಲದಿದ್ದರೆ ಇದು ಬೇಗ ಕಣ್ಣಿಗೆ ಬೀಳುತ್ತಿತ್ತು ಅಂತ ನನ್ನ ಅಭಿಪ್ರಾಯ. ಹಾಳೆ ಬದಲಾಗುತ್ತಿತ್ತು, ಹಾಗಾಗಿ ಮಗುವೂ ಬದಲಾಗುತ್ತಿದೆ ಅನ್ನಿಸುತ್ತಿತ್ತು.

ಅದಕ್ಕೇ ಹೇಳುತ್ತೇನೆ, ನೀವು ಕೇಳಿದ ಎರಡೂ ದಾರಿ ಬೇಡ. ಪಾಠ ಒಂದೇ ಇರಲಿ. ಬೇರೆ ಬೇರೆ ಆಗಬೇಕಾದದ್ದು ಒಬ್ಬೊಬ್ಬರ ಗುರಿ ಮತ್ತು ನೀವು ಕೊಡುವ ಸಹಾಯ. ನಾನು ಈಗ ಮಾಡುವ ಒಂದು ಪಾಠ ನಿಂಬೆಹಣ್ಣಿನ ಶರಬತ್ತು. ಒಬ್ಬಳು ಅಡುಗೆಮನೆಗೆ ಹೋಗಿ 4 ನಿಂಬೆಹಣ್ಣು ಕೇಳಿ ತರಬೇಕು, ಅವಳ ಗುರಿ ಎಣಿಕೆ ಮತ್ತು ಮಾತು. ಆಟಿಸಂ ಇರುವ ಹುಡುಗ ಗೋಡೆಯ ಫೋಟೋಗಳನ್ನು ನೋಡುತ್ತಾ ಒಂದೊಂದೇ ಹೆಜ್ಜೆ ಮಾಡುತ್ತಾನೆ, ಜಗ್ಗಿಗೆ ಸುತ್ತಿದ ರಬ್ಬರ್ ಬ್ಯಾಂಡಿನವರೆಗೆ ನೀರು ಹಾಕುತ್ತಾನೆ. ಸಿಪಿ ಇರುವ ಹುಡುಗಿ ಕಾರ್ನರ್ ಚೇರಿನಲ್ಲಿ (ಬೆನ್ನಿಗೂ ಪಕ್ಕಕ್ಕೂ ಆಸರೆ ಇರುವ ಕುರ್ಚಿ) ಕೂತು ಸಕ್ಕರೆ, ಉಪ್ಪು ಎರಡು ಡಬ್ಬಿಗಳಲ್ಲಿ ಯಾವುದು ಮೊದಲು ಅಂತ ಕಣ್ಣಿನಲ್ಲೇ ತೋರಿಸುತ್ತಾಳೆ. ಕ್ಲಾಸಿಗೆ ಎಷ್ಟು ಲೋಟ ಬೇಕು ಅಂತ ಇನ್ನೊಬ್ಬ ಲೆಕ್ಕ ಹಾಕುತ್ತಾನೆ. ವರ್ಕ್‌ಶೀಟ್ ಮಾಡುವ ಕತ್ತರಿ, ವೆಲ್ಕ್ರೋ ಏನೂ ಬೇಕಿಲ್ಲ.

ಬರೆಯುವುದು ಮಾತ್ರ ತಪ್ಪಿಸಬೇಡಿ. ಹೆಜ್ಜೆಯ ಮುಂದೆ ಯಾವ ಸಹಾಯ ಕೊಟ್ಟಿರಿ ಅಂತ ಅವತ್ತೇ ಗುರುತು ಹಾಕಿ: ಮುಟ್ಟಿ, ಹೇಳಿ, ಸನ್ನೆಯಲ್ಲಿ, ಅಥವಾ ಏನೂ ಇಲ್ಲದೆ. ಎಫ್‌ಎಸಿಪಿಯಲ್ಲೇ ಇದಕ್ಕೆ ಗುರುತುಗಳಿವೆ, ಅದನ್ನು ಮಾಡಿದ ಸಿಕಂದರಾಬಾದಿನ ಬೌದ್ಧಿಕ ಅಂಗವಿಕಲರ ರಾಷ್ಟ್ರೀಯ ಸಂಸ್ಥೆಯವರು ಸುಮ್ನೆ ಇಟ್ಟಿದ್ದಲ್ಲ. ಅದರಲ್ಲಿ 'ಎನ್‌ಇ' ಅಂತಲೂ ಒಂದಿದೆ, ಮಗುವಿಗೆ ಆ ಕೆಲಸ ಮಾಡುವ ಅವಕಾಶವೇ ಸಿಕ್ಕಿಲ್ಲ ಅಂತ. ನಾವು ಅದನ್ನು ಬಿಟ್ಟು 'ಬರುವುದಿಲ್ಲ' ಅಂತ ಬರೆದುಬಿಡುತ್ತೇವೆ, ಅಲ್ವಾ?

ಒಂದು ಹೆಜ್ಜೆಗೆ ಎರಡು ವಾರ ಒಂದೇ ಸಹಾಯದ ಗುರುತು ಬಿದ್ದಿದ್ದರೆ, ನಾನು ಪುಟ್ಟನ ಮೊಣಕೈ ಹತ್ತಿರ ನಿಂತ ಹಾಗೆ ನೀವೂ ನಿಂತಿದ್ದೀರಿ ಅಂತ ತಿಳಿಯಿರಿ. ಮುಂದಿನ ಸಲ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಕೈ ಕಟ್ಟಿ ನಿಲ್ಲಿ, ಮುಖ ಬೇರೆ ಕಡೆ ಇರಲಿ. ಆಟಿಸಂ ಮಕ್ಕಳಿಗೆ ಬಾಯಿಮಾತಿನ ಸಹಾಯವನ್ನು ಆದಷ್ಟು ಕಡಿಮೆ ಮಾಡಿ. ಗೋಡೆಯ ಫೋಟೋವನ್ನು ಆಮೇಲೆ ತೆಗೆದುಹಾಕುವುದು ಸುಲಭ, ನಿಮ್ಮ ದನಿಯನ್ನು ತೆಗೆದುಹಾಕುವುದು ಬಹಳ ಕಷ್ಟ.

ಒಂದು ಎಚ್ಚರಿಕೆ. ಸಿಪಿ ಮಗುವಿಗೆ ಬೆನ್ನಿಗೆ ಕೊಡುವ ಆಸರೆ, ದಪ್ಪ ಹಿಡಿಯ ಚಮಚ, ಇವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವು ಕನ್ನಡಕದ ಹಾಗೆ. ಕಡಿಮೆ ಮಾಡುತ್ತಾ ಹೋಗಲು ಹೊರಟರೆ ಮಗುವಿಗೆ ಅನ್ಯಾಯ.

ಗುಂಪು ಮಾಡಲೇಬೇಕಾದರೆ ನಲಿ-ಕಲಿ ನೋಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ ಅದು. ಅಲ್ಲಿ ತಟ್ಟೆಗಳನ್ನು, ಅಂದರೆ ಮಕ್ಕಳು ಕೂರುವ ಗುಂಪುಗಳನ್ನು, ಮಾಡಿದ್ದು ಜಾಣ, ದಡ್ಡ ಅಂತ ಅಲ್ಲ. ಶಿಕ್ಷಕರ ಸಹಾಯ ಪೂರ್ತಿ ಬೇಕಾ, ಸ್ವಲ್ಪ ಸಾಕಾ, ಜೊತೆಯ ಮಕ್ಕಳ ಸಹಾಯ ಸಾಕಾ, ತಾನೇ ಮಾಡಬಲ್ಲದಾ ಅಂತ. ಒಂದೇ ಮಗು ಒಂದು ಚಟುವಟಿಕೆಗೆ ಒಂದು ತಟ್ಟೆಯಲ್ಲಿ, ಮುಂದಿನದಕ್ಕೆ ಇನ್ನೊಂದರಲ್ಲಿ ಕೂರುತ್ತದೆ. ಎಷ್ಟೋ ಶಾಲೆಯಲ್ಲಿ "ಅವನು ಒಂದನೇ ತಟ್ಟೆ" ಅಂತ ಹಣೆಪಟ್ಟಿ ಕಟ್ಟಿದ್ದಾರೆ, ಅದು ಪದ್ಧತಿಯ ತಪ್ಪಲ್ಲ.

ಒಬ್ಬೊಬ್ಬರಿಗೇ ಕಲಿಸುವುದು ಹೊಸ ಹೆಜ್ಜೆ ಶುರು ಮಾಡುವಾಗ ಮಾತ್ರ ಸಾಕು. ಜಾಸ್ತಿ ಆದಷ್ಟೂ ಮಗು ನಿಮಗೆ ಅಂಟಿಕೊಳ್ಳುತ್ತದೆ. ಹೆಡ್ ಮಿಸ್ ವರ್ಕ್‌ಶೀಟ್ ಕೇಳಿದರೆ ಈಗ ಮಾಡಿಟ್ಟಿರುವುದನ್ನೇ ತೋರಿಸಿ, ಹೊಸದು ಬೇಡ.

ಇಷ್ಟೆಲ್ಲ ನೀವೊಬ್ಬರೇ ಮಾಡಿದರೆ ಆಗದು, ಆಯಾಗೂ ಹೇಳಿಕೊಡಬೇಕು. ನಮ್ಮ ಆಯಾಗೆ ಮಗು ಶೂ ಹಾಕಿಕೊಳ್ಳಲು ಒದ್ದಾಡುವುದನ್ನು ನೋಡಿ ಸುಮ್ಮನಿರುವುದು ಪಾಪ ಅನ್ನಿಸುತ್ತಿತ್ತು. ನಾನು ಆ ಕಡೆ ತಿರುಗಿದರೆ ಸಾಕು, ಲೇಸು ಕಟ್ಟಿರುತ್ತಿದ್ದರು. ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಶೂ ಹಾಕುವ ಹೊತ್ತಿಗೆ ಸರಿಯಾಗಿ ಅವರನ್ನು ಟೀ ತರಲು ಕಳಿಸುವುದು ರೂಢಿ ಮಾಡಿಕೊಂಡೆ.