ಗಾಡಿ ಗಡಿ ದಾಟಿತು, ಹೆಸರು ದಾಟಿತೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆ ಕಾರನ್ನು ಹೊರರಾಜ್ಯದವರಿಗೆ ಮಾರುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

*ಪ್ರಶ್ನೆ: ನನ್ನದು 2017ರ ಪೆಟ್ರೋಲ್ ಕಾರು, ಕೆಎ 25 ನೋಂದಣಿ. ಕೊಲ್ಹಾಪುರದವರೊಬ್ಬರ ಜೊತೆ ಮಾತಾಗಿದೆ. ಏಜೆಂಟರು ‘ನಾಕು ಸಹಿ ಮಾಡಿ ಕೊಡ್ರಿ, ಉಳದದ್ದು ನಾವು ನೋಡ್ಕೋತೀವಿ’ ಅನ್ನುತ್ತಾರೆ. ಯಾವ ಕಾಗದ ಕೊಡಬೇಕು, ಯಾವುದು ನನ್ನಲ್ಲಿ ಉಳಿಯಬೇಕು?*
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಇಲ್ಲಿ ಎರಡು ಆರ್‌ಟಿಒ ಕಚೇರಿಗಳ ಕೆಲಸ ಇದೆ. ಧಾರವಾಡದ ಕಚೇರಿ ಗಾಡಿಯನ್ನು ಬಿಟ್ಟುಕೊಡಬೇಕು, ಕೊಲ್ಹಾಪುರದ್ದು ಬರಮಾಡಿಕೊಳ್ಳಬೇಕು. ಬಿಟ್ಟುಕೊಡುವ ಕಾಗದಕ್ಕೇ ಎನ್‌ಒಸಿ ಎನ್ನುವುದು. ಅದು ಕೈಗೆ ಬಂದ ದಿನ ಗಾಡಿ ಮಾರಾಟವಾಯಿತೆಂದು ಬಹಳ ಜನ ತಿಳಿಯುತ್ತಾರೆ, ಎಡವುವುದೂ ಅಲ್ಲೇ. ‘ಈ ಗಾಡಿ ಹೊರರಾಜ್ಯಕ್ಕೆ ಹೋಗಲು ನಮ್ಮ ತಕರಾರಿಲ್ಲ’ ಎಂಬುದಷ್ಟೇ ಅದರ ಅರ್ಥ. ಹೆಸರು ಬದಲಾಗುವುದು ಕೊಲ್ಹಾಪುರದಲ್ಲಿ, ಎಂಎಚ್ 09 ನಂಬರ್ ಬಿದ್ದಾಗ.

ಅರ್ಜಿ ಹಾಕುವ ಮುಂಚೆ ಸರಕಾರದ ವಾಹನ ನೋಂದಣಿ ಜಾಲತಾಣವಾದ ವಾಹನ್ ಪೋರ್ಟಲ್‌ನಲ್ಲಿ ನಿಮ್ಮ ಗಾಡಿಯ ದಾಖಲೆ ನೋಡಿ. ಕಾರು ಕೊಂಡಾಗ ಶೋರೂಮಿನವರು ಹಾಕಿದ ಮೊಬೈಲ್ ನಂಬರ್ ಇನ್ನೂ ಅದೇ ಇದೆಯೇ? ಒಟಿಪಿ ಆ ನಂಬರಿಗೇ ಹೋಗುತ್ತದೆ. ಬದಲಾಗಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಚಾಸಿ ನಂಬರು, ಎಂಜಿನ್ ನಂಬರು, ನೋಂದಣಿ ದಿನಾಂಕ ಕೈಲಿರಲಿ. ಆರ್‌ಸಿಯಲ್ಲಿ ‘ಬಿ.ಎಸ್.’ ಎಂದು ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಅಡ್ಡಹೆಸರು ಪೂರ್ತಿ ಇರುವುದು ನಮ್ಮ ಭಾಗದಲ್ಲಿ ಸಾಮಾನ್ಯ. ಈ ವ್ಯತ್ಯಾಸಕ್ಕೇ ಅರ್ಜಿ ವಾಪಸ್ ಬರುತ್ತದೆ. ಬಾಕಿ ಇರುವ ಇ-ಚಲನ್ ಕಟ್ಟಿ. ವಿಮೆ, ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು. 2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿಯಾದ್ದರಿಂದ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್) ಪ್ಲೇಟ್ ಹಾಕಿಸದಿದ್ದರೆ ಅದನ್ನೂ ಮುಗಿಸಿಕೊಳ್ಳಿ.

ಎನ್‌ಒಸಿಗೆ ಬೇಕಾದದ್ದು ಫಾರ್ಮ್ 28, ಮೂರು ಪ್ರತಿ. ಅದರ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್, ಅಂದರೆ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಮೂಡಿಸಿದ ಅಚ್ಚು, ಬರಬೇಕು. ನಂಬರ್ ಮೇಲೆ ತುಕ್ಕು, ಗ್ರೀಸ್ ಕೂತಿದ್ದರೆ ಅಂಕಿ ಮೂಡುವುದಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಉಪ್ಪುಕಾಗದ ಹಚ್ಚಿ ಉಜ್ಜಬೇಡಿ. ಅಂಕಿ ಸವೆದಂತೆ ಕಂಡರೆ ಆ ಕಡೆಯ ಇನ್‌ಸ್ಪೆಕ್ಟರಿಗೆ ಅನುಮಾನ ಬರುತ್ತದೆ. ಇದರ ಜೊತೆ ಅಸಲಿ ಆರ್‌ಸಿ, ವಿಮೆ, ಎಮಿಷನ್, ವಿಳಾಸದ ದಾಖಲೆ, ಮತ್ತು ಗಾಡಿ ಕಳವಿನ ಪಟ್ಟಿಯಲ್ಲಿಲ್ಲ ಎಂಬ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ) ವರದಿ. ಅರ್ಜಿ ಕೊಟ್ಟ 30 ದಿನದಲ್ಲಿ ಎನ್‌ಒಸಿ ಕೊಡಬೇಕು, ಇಲ್ಲವೆ ಕಾರಣ ಬರೆದು ನಿರಾಕರಿಸಬೇಕು. ಎರಡೂ ಆಗದಿದ್ದರೆ ಕೊಟ್ಟಂತೆಯೇ ಲೆಕ್ಕ ಎಂದು ಮೋಟಾರು ವಾಹನ ಕಾಯ್ದೆಯ 48ನೇ ಸೆಕ್ಷನ್ ಹೇಳುತ್ತದೆ. ಆದರೆ ಕೊಲ್ಹಾಪುರದ ಕೌಂಟರಿನವರು ಕಂಪ್ಯೂಟರಿನಲ್ಲಿ ಎನ್‌ಒಸಿ ಕಾಣಿಸಿದರೆ ಮಾತ್ರ ಮುಂದುವರಿಯುತ್ತಾರೆ. ಆದ್ದರಿಂದ ಕಾಯ್ದೆಯ ಆ ಮಾತನ್ನು ನೆಚ್ಚಿ ಕೂರಬೇಡಿ, ಸ್ವೀಕೃತಿ ಚೀಟಿ ಹಿಡಿದು ಬೆನ್ನು ಹತ್ತಿ.

ಎನ್‌ಒಸಿಯಲ್ಲಿ ‘ಮಹಾರಾಷ್ಟ್ರ’ ಎಂದಿದ್ದರೆ ಸಾಲದು, ಯಾವ ಆರ್‌ಟಿಒ ಎಂಬುದು ಬರಬೇಕು. ನಿಮ್ಮ ಜೊತೆ ಮಾತಾಡಿದವರು ಕೊಲ್ಹಾಪುರದ ದಲ್ಲಾಳಿ, ಗಾಡಿ ಇಟ್ಟುಕೊಳ್ಳುವವರು ಸಾತಾರಾದವರು ಎಂದಾದರೆ ಆ ಎನ್‌ಒಸಿ ನಿರುಪಯೋಗಿ. ರದ್ದು ಮಾಡಿಸಲು ‘ಈ ಗಾಡಿ ನಮ್ಮಲ್ಲಿ ನೋಂದಣಿಯಾಗಿಲ್ಲ’ ಎಂದು ಕೊಲ್ಹಾಪುರ ಕಚೇರಿಯಿಂದಲೇ ಪತ್ರ ತರಬೇಕಾಗುತ್ತದೆ. ಅಲ್ಲಿಯವರೆಗೆ ಧಾರವಾಡದಲ್ಲಿ ಆ ಗಾಡಿಯ ಬೇರಾವ ಕೆಲಸವೂ ನಡೆಯುವುದಿಲ್ಲ. ಕೊನೆಯ ಖರೀದಿದಾರರ ಆಧಾರ್ ವಿಳಾಸ ನೋಡಿಯೇ ಅರ್ಜಿ ತುಂಬಿ.

ಇನ್ನು ಸಹಿಯ ಮಾತು. ಖರೀದಿದಾರರಿಗೆ ನೀವು ಸಹಿ ಮಾಡಿ ಕೊಡಬೇಕಾದ್ದು ಫಾರ್ಮ್ 29 (ಗಾಡಿ ಮಾರಿದ್ದರ ತಿಳುವಳಿಕೆ) ಮತ್ತು ಫಾರ್ಮ್ 30 (ಹೆಸರು ಬದಲಾವಣೆಯ ಅರ್ಜಿ), ಎರಡೆರಡು ಪ್ರತಿ. ಹೊಸ ನಂಬರಿಗಾಗಿ ಫಾರ್ಮ್ 27ನ್ನು ಅವರೇ ಅಲ್ಲಿ ಕೊಡುತ್ತಾರೆ. ಖಾಲಿ ಫಾರ್ಮಿಗೆ ಸಹಿ ಹಾಕಲೇಬೇಡಿ. ಖರೀದಿದಾರರ ಹೆಸರು, ವಿಳಾಸ, ದಿನಾಂಕ ನಿಮ್ಮ ಕಣ್ಣೆದುರು ತುಂಬಿದ ಮೇಲೆ, ಮೊದಲು ಆರ್‌ಟಿಒದಲ್ಲಿ ಕೊಟ್ಟ ಸಹಿಯಂತೆಯೇ ಸಹಿ ಮಾಡಿ. ಖಾಲಿ ಫಾರ್ಮ್ ಕೈ ಸೇರಿದರೆ ದಲ್ಲಾಳಿ ಅದನ್ನೇ ಇಟ್ಟುಕೊಂಡು ಗಾಡಿಯನ್ನು ಮೂರು ಕೈ ದಾಟಿಸುತ್ತಾರೆ, ಅಷ್ಟು ದಿನವೂ ದಾಖಲೆಯಲ್ಲಿ ಮಾಲೀಕರು ನೀವೇ.

ನಿಮ್ಮಲ್ಲಿ ಉಳಿಯಬೇಕಾದವು: ತುಂಬಿದ 29, 30ರ ಝೆರಾಕ್ಸ್, ಎನ್‌ಒಸಿ ಪ್ರತಿ, ಖರೀದಿದಾರರ ಆಧಾರ್ ಮತ್ತು ಪ್ಯಾನ್ ಪ್ರತಿ, ಹಾಗೂ ಅವರು ಸಹಿ ಮಾಡಿದ ಡೆಲಿವರಿ ನೋಟ್. ಡೆಲಿವರಿ ನೋಟಿನಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷ, ಕಿಲೋಮೀಟರ್ ರೀಡಿಂಗ್ ಬರೆಯಿರಿ. ಬೆಳಿಗ್ಗೆ ಕೊಟ್ಟ ಗಾಡಿ ಸಂಜೆ ನಿಪ್ಪಾಣಿ ದಾಟುವ ಮೊದಲೇ ಕ್ಯಾಮೆರಾಗೆ ಸಿಕ್ಕರೆ, ಚಲನ್ ಯಾರದು ಎಂದು ತೋರಿಸಲು ಆ ಗಂಟೆಯೇ ಬೇಕು. ಹಣ ಬ್ಯಾಂಕಿನ ಮೂಲಕ ಬರಲಿ. ಒಂದು ವ್ಯವಹಾರಕ್ಕೆ ಎರಡು ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳುವುದು ತೆಗೆದುಕೊಂಡವರಿಗೆ, ಅಂದರೆ ನಿಮಗೆ.

ಮಾರಾಟವಾದ 45 ದಿನದೊಳಗೆ ಎನ್‌ಒಸಿಯನ್ನು ಆ ಕಡೆಯ ಕಚೇರಿಗೆ ತಲುಪಿಸುವ ಹೊಣೆ ಕಾಯ್ದೆಯ ಪ್ರಕಾರ ಮಾರಿದವರದು. ಖರೀದಿದಾರರ ಕೈಗೆ ಕೊಟ್ಟು ಸುಮ್ಮನಾಗದೆ, ಒಂದು ಪ್ರತಿಯನ್ನು ಫಾರ್ಮ್ 29ರ ಜೊತೆ ಸ್ಪೀಡ್ ಪೋಸ್ಟ್‌ನಲ್ಲಿ ನೀವೇ ಕಳಿಸಿ, ರಸೀದಿ ಇಟ್ಟುಕೊಳ್ಳಿ.

*ಪ್ರಶ್ನೆ: ಎಂಟು ತಿಂಗಳ ಹಿಂದೆ ಗೋವಾದವರಿಗೆ ಕಾರು ಕೊಟ್ಟೆ. ಬಾಂಡ್ ಮೇಲೆ ಬರೆಸಿ ನೋಟರಿ ಮಾಡಿಸಿದ್ದೇವೆ, ಎನ್‌ಒಸಿಯೂ ಆಗಿದೆ. ಈಗಲೂ ಮಡಗಾಂವದ ಚಲನ್ ನನ್ನ ಮೊಬೈಲಿಗೇ ಬರುತ್ತಿದೆ. ಅಪಘಾತವಾದರೂ ನನಗೇ ಸುತ್ತಿಕೊಳ್ಳುತ್ತದೆಯೇ?*
– ಓದುಗರು, ಹಾವೇರಿ

ಉತ್ತರ: ಸುತ್ತಿಕೊಳ್ಳುತ್ತದೆ. ಬಾಂಡ್ ನಿಮ್ಮಿಬ್ಬರ ನಡುವಿನ ಒಪ್ಪಂದ. ಅಪಘಾತದಲ್ಲಿ ಗಾಯಗೊಂಡವರಿಗೆ ಅದು ಸಂಬಂಧಿಸಿದ್ದಲ್ಲ. ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ‘ಮಾಲೀಕ’ ಎಂದು ಕಾಯ್ದೆಯ 2(30)ನೇ ಸೆಕ್ಷನ್ ಹೇಳುತ್ತದೆ. ಕೈಯಿಂದ ಕೈಗೆ ಮಾರಾಟವಾಗುತ್ತ ಹೋದ, ಆದರೆ ಹೆಸರು ಬದಲಾಗದ ಕಾರಿನ ಅಪಘಾತದಲ್ಲಿ ಪರಿಹಾರದ ಹೊಣೆ ದಾಖಲೆಯಲ್ಲಿದ್ದ ಮೊದಲ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್–ವಿಜಯ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ.

ಇವತ್ತೇ ನೋಡಬೇಕಾದ್ದು ವಿಮೆ. ಪಾಲಿಸಿ ಮುಗಿದಿದ್ದರೆ, ಬೇರೆಯವರು ಓಡಿಸುವ ಗಾಡಿಗೆ ದುಡ್ಡು ಯಾಕೆ ಹಾಕಬೇಕು ಎಂದು ಸಿಟ್ಟು ಬಂದರೂ, ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ಅಪಘಾತದಲ್ಲಿ ನೊಂದ ಹೊರಗಿನವರಿಗೆ ಪರಿಹಾರ ಕೊಡುವ ವಿಮೆ, ಮಾಡಿಸಿ. ವಿಮೆಯಿಲ್ಲದೆ ಅಪಘಾತವಾದರೆ ಪರಿಹಾರದ ಮೊತ್ತ ನಿಮ್ಮ ಹೊಲ-ಮನೆಗೆ ಬರುತ್ತದೆ. ಆಮೇಲೆ ಖರೀದಿದಾರರಿಗೆ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಹಾವೇರಿ ಮತ್ತು ಗೋವಾದ ಆ ಆರ್‌ಟಿಒ, ಎರಡೂ ಕಚೇರಿಗೆ ಮಾರಾಟ ಪತ್ರ, ಡೆಲಿವರಿ ನೋಟ್, ಫಾರ್ಮ್ 29 ಲಗತ್ತಿಸಿ ಲಿಖಿತವಾಗಿ ತಿಳಿಸಿ. ಖರೀದಿದಾರರು ಫೋನ್ ಎತ್ತುತ್ತಿಲ್ಲವಾದರೆ ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇವುಗಳಿಂದ ಹೊಣೆ ಪೂರ್ತಿ ತಪ್ಪುವುದಿಲ್ಲ, ಆದರೆ ಗಾಡಿಯನ್ನು ಯಾವುದಾದರೂ ಅಪರಾಧಕ್ಕೆ ಬಳಸಿದರೆ ನಿಮ್ಮನ್ನು ಕಾಯುವ ಕಾಗದ ಇವೇ.

ಮಾರುವ ಮುಂಚೆಯೇ ಇದನ್ನು ಓದುತ್ತಿರುವವರಿಗೆ ಒಂದು ಸಲಹೆ: ಇಪ್ಪತ್ತೈದು-ಮೂವತ್ತು ಸಾವಿರ ರೂಪಾಯಿ ಹೆಚ್ಚಿಗೆ ಡಿಪಾಜಿಟ್ ಹಿಡಿದುಕೊಳ್ಳಿ, ಹೊಸ ಆರ್‌ಸಿಯ ಪ್ರತಿ ಬಂದ ದಿನ ವಾಪಸ್ ಕೊಡಿ. ಎಷ್ಟು ನೋಟಿಸ್ ಕಳಿಸಿದರೂ ಆಗದ ಕೆಲಸ ಅದರಿಂದ ಆಗುತ್ತದೆ.

*ಪ್ರಶ್ನೆ: ತಂದೆಯವರು ತೀರಿಕೊಂಡಿದ್ದಾರೆ, ಕಾರು ಅವರ ಹೆಸರಿನಲ್ಲೇ ಇದೆ. ಸಾಲ ತೀರಿ ನಾಲ್ಕು ವರ್ಷವಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಕಾಣುತ್ತಿದೆ. ಸಾಂಗ್ಲಿಯವರು ಕೇಳುತ್ತಿದ್ದಾರೆ. ನೇರವಾಗಿ ಕೊಡಬಹುದೇ?*
– ಓದುಗರು, ಗದಗ

ಉತ್ತರ: ಆಗುವುದಿಲ್ಲ. ತೀರಿಕೊಂಡವರ ಹೆಸರಿನಿಂದ ಎನ್‌ಒಸಿ ಅರ್ಜಿಗೆ ಸಹಿ ಮಾಡುವವರು ಯಾರು? ಮೊದಲು ಬ್ಯಾಂಕ್. ಸಾಲ ತೀರಿದ ಪತ್ರ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಬೇಕಾದ, ಬ್ಯಾಂಕಿನ ಸಹಿ-ಮೊಹರು ಇರುವ ಫಾರ್ಮ್ 35 ಎರಡು ಪ್ರತಿ ತನ್ನಿ. ನಾಲ್ಕು ವರ್ಷದ ಹಿಂದೆ ಕೊಟ್ಟ ಪತ್ರವನ್ನು ಹಳೆಯದೆಂದು ಒಪ್ಪದೆ ಇರಬಹುದು, ಹೊಸದಾಗಿ ಬರೆಸಿಕೊಳ್ಳುವುದು ಲೇಸು. ಆಮೇಲೆ ಫಾರ್ಮ್ 31ರಲ್ಲಿ ಗಾಡಿಯನ್ನು ವಾರಸುದಾರರೊಬ್ಬರ ಹೆಸರಿಗೆ ಮಾಡಿಸಬೇಕು: ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶಾವಳಿ, ತಾಯಿ ಹಾಗೂ ಒಡಹುಟ್ಟಿದವರೆಲ್ಲರ ಒಪ್ಪಿಗೆಯ ಅಫಿಡವಿಟ್. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬಿಟ್ಟುಹೋಗಿಯೇ ಹೆಚ್ಚಿನ ಅರ್ಜಿಗಳು ನಿಲ್ಲುತ್ತವೆ. ತೀರಿಕೊಂಡ 30 ದಿನದಲ್ಲಿ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಈ ಅರ್ಜಿ ಹಾಕಬೇಕೆಂಬುದು ನಿಯಮ. ಗಾಡಿ ನಿಮ್ಮ ಹೆಸರಿಗೆ ಬಂದ ಮೇಲೆಯೇ ಸಾಂಗ್ಲಿಯವರಿಂದ ಮುಂಗಡ ಹಿಡಿಯಿರಿ.

*ಪ್ರಶ್ನೆ: 50% ನೋ ಕ್ಲೇಮ್ ಬೋನಸ್ ಇರುವ ಪಾಲಿಸಿ. ಗಾಡಿಯ ಜೊತೆ ಅದೂ ಹೋಗುತ್ತದೆಯೇ? ಫಾಸ್ಟ್ಯಾಗ್ ಏನು ಮಾಡಲಿ?*
– ಓದುಗರು, ಲಕ್ಷ್ಮೇಶ್ವರ

ಉತ್ತರ: ಪಾಲಿಸಿ ಗಾಡಿಯ ಜೊತೆ ಹೋಗುತ್ತದೆ, ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ನಿಮ್ಮ ಜೊತೆ ಉಳಿಯುತ್ತದೆ. ವಿಮಾ ಕಂಪನಿಯಿಂದ ಎನ್‌ಸಿಬಿ ಉಳಿಕೆಯ ಪತ್ರ ತೆಗೆದುಕೊಳ್ಳಿ. ಮೂರು ವರ್ಷದೊಳಗೆ ಹೊಸ ಕಾರು ಕೊಂಡರೆ ಬಳಸಬಹುದು. ಖರೀದಿದಾರರು 14 ದಿನದಲ್ಲಿ ಪಾಲಿಸಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಥರ್ಡ್ ಪಾರ್ಟಿ ಭಾಗ ತಾನಾಗಿ ಮುಂದುವರಿಯುತ್ತದೆ, ಆದರೆ ಗಾಡಿಗೇ ಆದ ಹಾನಿಯ ಕ್ಲೇಮ್ ಹೆಸರು ಬದಲಾಗದೆ ಸಿಗುವುದು ಕಷ್ಟ. ಫಾಸ್ಟ್ಯಾಗನ್ನು ಗಾಜಿನಿಂದ ಕಿತ್ತರೆ ಸಾಲದು, ಕೊಟ್ಟ ಬ್ಯಾಂಕಿನಲ್ಲಿ ಖಾತೆಯನ್ನೇ ಮುಚ್ಚಿಸಿ. ಇಲ್ಲದಿದ್ದರೆ ಖರೀದಿದಾರರಿಗೆ ಹೊಸ ಟ್ಯಾಗ್ ಸಿಗುವುದಿಲ್ಲ.

*ಪ್ರಶ್ನೆ: ಒಮ್ನಿಗೆ ಹೊರಗಡೆ ಎಲ್‌ಪಿಜಿ ಕಿಟ್ ಕೂಡ್ಸೇವ್ರಿ, ಆರ್‌ಸಿ ಒಳಗ ಬರಸಿಲ್ಲ. ಸೊಲ್ಲಾಪುರದಾವರಿಗೆ ಕೊಟ್ರ ನಡೀತದನ್ರಿ? ಲೈಫ್ ಟ್ಯಾಕ್ಸ್ ತಿರುಗಿ ಬರ್ತದಂತ, ಖರೇ ಏನ್ರಿ?*
– ಓದುಗರು, ರಾಣೆಬೆನ್ನೂರು

ಉತ್ತರ: ಕಿಟ್ ಹೀಗೇ ಇದ್ದರೆ ಸೊಲ್ಲಾಪುರದ ತಪಾಸಣೆಯಲ್ಲಿ ಗಾಡಿ ನಿಲ್ಲುತ್ತದೆ. ಆರ್‌ಸಿಯಲ್ಲಿ ಇಂಧನ ‘ಪೆಟ್ರೋಲ್’ ಎಂದಿದ್ದು ಹಿಂದೆ ಸಿಲಿಂಡರ್ ಕಂಡರೆ ಅದು ಅನುಮತಿಯಿಲ್ಲದ ಮಾರ್ಪಾಡು. ಕಿಟ್ ಮಾನ್ಯತೆ ಪಡೆದದ್ದಾದರೆ ಅದರ ಪ್ರಮಾಣಪತ್ರ ಕೊಟ್ಟು ಎನ್‌ಒಸಿಗೆ ಮುಂಚೆ ರಾಣೆಬೆನ್ನೂರಿನಲ್ಲೇ ಆರ್‌ಸಿಗೆ ಸೇರಿಸಿ, ಅಲ್ಲವಾದರೆ ಬಿಚ್ಚಿಸಿ. ಗಾಡಿಗೆ 15 ವರ್ಷ ತುಂಬಿದ್ದರೆ ಫಾರ್ಮ್ 25ರಲ್ಲಿ ನೋಂದಣಿ ನವೀಕರಣವೂ ಮೊದಲು ಇಲ್ಲೇ ಆಗಬೇಕು.

ಟ್ಯಾಕ್ಸಿನ ಮಾತು ಖರೆ. ಕರ್ನಾಟಕದಲ್ಲಿ ಕಟ್ಟಿದ ಲೈಫ್ ಟ್ಯಾಕ್ಸಿನ ಒಂದು ಭಾಗ, ಗಾಡಿಯ ವಯಸ್ಸಿಗೆ ತಕ್ಕಂತೆ, ಹೊರರಾಜ್ಯಕ್ಕೆ ಹೋದಾಗ ವಾಪಸ್ ಸಿಗುತ್ತದೆ. ಹಳೆ ಗಾಡಿಗೆ ಉಳಿಯುವುದು ಕಡಿಮೆ. ನಾಲ್ಕೈದು ವರ್ಷದ ಕಾರಾದರೆ ಕೇಳಲೇಬೇಕಾದ ಮೊತ್ತ. ಅರ್ಜಿಗೆ ಅಲ್ಲಿಯ ಹೊಸ ನೋಂದಣಿಯ ಪ್ರತಿ ಬೇಕು, ಅದು ಖರೀದಿದಾರರ ಕೈಲಿರುತ್ತದೆ. ಆದ್ದರಿಂದ ಹಣ ಯಾರಿಗೆ ಸೇರಬೇಕು, ಕಾಗದ ಯಾರು ಕಳಿಸಬೇಕು ಎಂಬುದನ್ನು ಮಾರಾಟ ಪತ್ರದಲ್ಲೇ ಬರೆಸಿ.

*ಪ್ರಶ್ನೆ: ಇದೆಲ್ಲ ತಲೆನೋವು ಬೇಡವೆಂದು ಡೀಲರಿಗೇ ಕೊಟ್ಟುಬಿಟ್ಟರೆ?*
– ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಕೊಡಬಹುದು, ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ಪಡೆದ ಡೀಲರ್ ಆಗಿದ್ದರೆ. 2023ರ ಏಪ್ರಿಲ್ 1ರಿಂದ ಬಂದ ನಿಯಮದಂತೆ, ಗಾಡಿ ಅವರಿಗೆ ಒಪ್ಪಿಸಿದ್ದನ್ನು ಫಾರ್ಮ್ 29ಸಿಯಲ್ಲಿ ಪೋರ್ಟಲ್ ಮೂಲಕ ತಿಳಿಸಿದರೆ ಅಲ್ಲಿಂದ ಮುಂದಿನ ಹೊಣೆ ಡೀಲರದು. ಎನ್‌ಒಸಿ, ವರ್ಗಾವಣೆಯ ಅರ್ಜಿಗಳನ್ನೂ ಅವರೇ ಹಾಕಬಹುದು. ಪ್ರಮಾಣಪತ್ರ ತೋರಿಸಿ ಎಂದು ಕೇಳಿದಾಗ ಡೀಲರ್ ಮಾತು ಬದಲಿಸಿದರೆ ಕೀಲಿ ಕೊಡಬೇಡಿ.