ಪ್ರಯಾಣದ ಹಿಂದಿನ ದಿನ ಸೊಂಟ ಹಿಡಿದುಕೊಂಡರೆ ಏನು ಮಾಡಬೇಕು?

ನಾಳೆ ರಾತ್ರಿ ಬೆಂಗಳೂರಿನಿಂದ ಮಂಗಳೂರಿಗೆ ಬಸ್, ಇವತ್ತು ಬಗ್ಗಿದಾಗ ಸೊಂಟ ಹಿಡಿದುಕೊಂಡಿದೆ, ಹೋಗಬಹುದೇ ಎಂದು ಕೇಳಿದ್ದೀರಿ. ಮೂತ್ರ ಕಟ್ಟಿದ್ದರೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಿದ್ದರೆ, ಕಾಲಿನ ಬಲ ಕುಂದಿದ್ದರೆ ಅಥವಾ ಜ್ವರವಿದ್ದರೆ ಪ್ರಯಾಣ ಬಿಡಿ, ಈಗಲೇ ಆಸ್ಪತ್ರೆಗೆ ಹೋಗಿ. ಇವು ಯಾವುವೂ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಸ್ನಾಯು ಸೆಳೆತ.

ದಿನವಿಡೀ ಮಲಗಿಯೇ ಇರಬೇಡಿ, ಬೆನ್ನು ಇನ್ನಷ್ಟು ಬಿಗಿಯುತ್ತದೆ. ಬಿಸಿನೀರಿನ ಚೀಲದಿಂದ 15-20 ನಿಮಿಷ ಶಾಖ ಕೊಟ್ಟು, ಮನೆಯೊಳಗೇ ಮೆಲ್ಲಗೆ ಓಡಾಡಿ. ಹಾಸಿಗೆಯಿಂದ ಏಳುವಾಗ ಮೊದಲು ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ನೋವಿನ ಮಾತ್ರೆಯಾದ ಐಬುಪ್ರೊಫೆನ್ ನುಂಗಲೇಬಾರದು.

ಶಿರಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನ ಹಿಂದಿನ ಸೀಟು ಖಂಡಿತ ಬೇಡ. ನನ್ನನ್ನು ಕೇಳಿದರೆ, ಸಿಕ್ಕರೆ ರೈಲಿನ ಕೆಳ ಬರ್ತ್ ಹಿಡಿಯಿರಿ, ಮಂಡಿಯ ಕೆಳಗೆ ದಿಂಬಿಟ್ಟು ಮಲಗಬಹುದು. ಬ್ಯಾಗನ್ನು ಮಾತ್ರ ಬೇರೆಯವರೇ ಎತ್ತಲಿ.