ಲಸಿಕೆ ಬೇಡ ಅಂದವರು ಹೇಳಿದ್ದೇ ಕೊನೆಗೆ ನಿಜ ಆಯ್ತಾ?

ನೀವು ಕೇಳಿದ್ದು ಎರಡು. ಕೋವಿಡ್ ಕಾಲದಲ್ಲಿ ರಾಯಚೂರು, ಕೊಪ್ಪಳ ಕಡೆ ಜನ ಲಸಿಕೆಗೆ ಅಷ್ಟೊಂದು ಹೆದರಿದ್ದು ಯಾಕೆ? ಈಗ ಹರೆಯದವರಿಗೆ ಹೃದಯಾಘಾತ ಆಗುವ ಸುದ್ದಿ ನೋಡಿದರೆ ಅವರ ಮಾತೇ ಸರಿ ಇತ್ತು ಅನಿಸಲ್ವಾ?

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗುತ್ತಿತ್ತು. ಅದು ನಿಜ, ಕೆಲವರು ಅದರಿಂದ ಸತ್ತಿದ್ದಾರೆ. ಲಸಿಕೆ ಹಾಕಿಸಿಕೊಂಡವರಿಗೆಲ್ಲ ಹೃದಯ ಕೆಟ್ಟಿದೆ ಅನ್ನುವುದು ಸುಳ್ಳು. ಆ ಅಪರೂಪದ ತೊಂದರೆಯನ್ನು ಆಗಲೇ ಬಾಯಿಬಿಟ್ಟು ಹೇಳಿದ್ದರೆ ಈ ಸುಳ್ಳು ಇಷ್ಟು ಬೆಳೆಯುತ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ನಾನು ಡಾಕ್ಟರ್ ಅಲ್ಲ. ಲಿಂಗಸುಗೂರು ತಾಲೂಕಿನಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. 2021ರಲ್ಲಿ ಶಾಲೆ ಮುಚ್ಚಿದ್ದಾಗ ನಮ್ಮನ್ನು ಲಸಿಕೆ ಕ್ಯಾಂಪ್ ಡ್ಯೂಟಿಗೆ ಹಾಕಿದ್ದರು. ಆಧಾರ್ ನೋಡಿ ಕೋವಿನ್‌ನಲ್ಲಿ ಹೆಸರು ಏರಿಸುವುದು, ನೆಟ್‌ವರ್ಕ್ ಸಿಗದಿದ್ದರೆ ಫೋನ್ ಹಿಡಿದು ಮಾಳಿಗೆ ಹತ್ತುವುದು, ಇಷ್ಟೇ ನನ್ನ ಕೆಲಸ. ಆದರೆ ಬಂದವರ ಮಾತು, ಬರದವರ ಮಾತು ಎರಡೂ ಕಿವಿಗೆ ಬೀಳುತ್ತಿದ್ದವು.

ಒಂದು ಚಿಕ್ಕ ವಿಷಯ ಹೇಳ್ತೀನಿ. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 10 ಡೋಸ್ ಇರುತ್ತಿತ್ತು. ತೆರೆದರೆ 4 ಗಂಟೆಯೊಳಗೆ ಖಾಲಿ ಮಾಡಬೇಕಿತ್ತು. ಆರು ಜನ ಬಂದು ಕೂತರೂ ಸಿಸ್ಟರ್ ಸೀಸೆ ತೆರೆಯುತ್ತಿರಲಿಲ್ಲ, ಇನ್ನೂ ನಾಲ್ವರು ಬರಲಿ ಅಂತ ಕಾಯುತ್ತಿದ್ದರು. ಡೋಸ್ ಹಾಳಾದರೆ ಮೇಲಿನವರಿಗೆ ಲೆಕ್ಕ ಕೊಡಬೇಕಲ್ಲ. ಕಾದು ಕಾದು ಒಬ್ಬ ಎದ್ದು ಹೋದರೆ ಅವನ ಹಿಂದೆ ಇನ್ನಿಬ್ಬರು. ಅವರು ಕಟ್ಟೆಗೆ ಹೋಗಿ ಹೇಳುತ್ತಿದ್ದದ್ದು: "ಔಷಧ ಸರಿ ಇಲ್ಲಂತ, ಹಾಕಾಕ ಅವರೇ ಹೆದರ್ತಾರ." ಸಂಜೆಗೆ ಊರೆಲ್ಲ ಅದೇ ಸುದ್ದಿ. ಇದನ್ನು ಯಾವ ವಾಟ್ಸ್ಯಾಪ್ ಗ್ರೂಪೂ ಹುಟ್ಟಿಸಿರಲಿಲ್ಲ.

ವಾಟ್ಸ್ಯಾಪ್‌ನದ್ದು ಬೇರೆಯೇ ಇತ್ತು. ಸೂಜಿ ಹಾಕಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರೆ ಅಂತ ಫ್ರಾನ್ಸ್‌ನ ನೊಬೆಲ್ ವಿಜ್ಞಾನಿ ಲೂಕ್ ಮೊಂಟಾನಿಯೆ ಹೇಳಿದ್ದಾರೆ ಅನ್ನುವ ಮೆಸೇಜ್ 2021ರ ಮೇ ತಿಂಗಳಲ್ಲಿ ಎಲ್ಲರ ಫೋನಿಗೂ ಬಂತು. ಅವರು ಲಸಿಕೆ ವಿರುದ್ಧ ಮಾತಾಡಿದ್ದು ಹೌದು, ಆದರೆ ಈ ಮಾತು ಅವರದ್ದಲ್ಲ. ಮಕ್ಕಳಾಗಲ್ಲ, ಗಂಡಸುತನ ಹೋಗುತ್ತದೆ, ತೋಳಿಗೆ ಅಯಸ್ಕಾಂತ ಅಂಟುತ್ತದೆ, ಇವೂ ಬಂದವು. ಎರಡು ವರ್ಷದ ಗಡುವು ಮುಗಿದು ಎಷ್ಟೋ ಕಾಲ ಆಯಿತು, ನಾನೂ ಇದ್ದೇನೆ, ಫಾರ್ವರ್ಡ್ ಮಾಡಿದವರೂ ಇದ್ದಾರೆ.

ಆದರೆ ಮೆಸೇಜ್ ಬಂದ ತಕ್ಷಣ ಜನ ನಂಬಿಬಿಡುವುದಕ್ಕೆ ನೆಲ ಹದವಾಗಿತ್ತು. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಗುಂಡಿಗೆ ಎಸೆಯುವ ವಿಡಿಯೊ ಹೊರಗೆ ಬಂತು ನೆನಪಿದೆಯಾ? ಜಿಲ್ಲಾಡಳಿತ ಕ್ಷಮೆ ಕೇಳಿತು. ಕ್ಷಮೆ ಕೇಳಿದ್ದು ನಮ್ಮೂರಿಗೆ ತಲುಪಲಿಲ್ಲ, ವಿಡಿಯೊ ತಲುಪಿತು. "ದವಾಖಾನಿಗೆ ಹೋದ್ರ ಹೆಣಾನೂ ಕೈಗೆ ಸಿಗಂಗಿಲ್ಲ" ಅನ್ನುವ ಭಯ ಆಗಲೇ ಮನೆ ಮಾಡಿತ್ತು. ಅದೇ ದವಾಖಾನೆಯವರು ಐಸ್ ಬಾಕ್ಸ್ ಹಿಡಿದು ಬಾಗಿಲಿಗೆ ಬಂದರೆ ಬಾಗಿಲು ತೆರೆಯುತ್ತಾರಾ?

ಇನ್ನು ಕೂಲಿಯ ವಿಷಯ. ಮಧ್ಯಮ ವರ್ಗದವರಿಗೆ ಇದು ಕಾಣಲೇ ಇಲ್ಲ. ಲಸಿಕೆ ಹಾಕಿಸಿಕೊಂಡ ರಾತ್ರಿ ಜ್ವರ, ಮೈಕೈ ನೋವು ಬಹಳ ಜನರಿಗೆ ಬರುತ್ತಿತ್ತು. ನಮಗೆ ಒಂದು ಪ್ಯಾರಾಸಿಟಮಾಲ್, ಒಂದು ದಿನ ರಜೆ. ಬಿತ್ತನೆ ಹೊತ್ತಿನಲ್ಲಿ ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಎರಡು ದಿನದ ಗಂಜಿಯೇ ಹೋಗುತ್ತಿತ್ತು. ಒಬ್ಬಾಕೆ ನನ್ನನ್ನೇ ಕೇಳಿದಳು: "ಸೂಜಿ ಹಾಕಿಸ್ಕಂಡು ಜ್ವರ ಬಂದ್ರ ಕೂಲಿ ನೀವು ಕೊಡ್ತೀರೇನ್ರಿ ಸರ?" ಆಕೆಯನ್ನು ಲಸಿಕೆ ವಿರೋಧಿ ಅಂತ ಬರೆದುಕೊಂಡರೆ ಬರೆದುಕೊಂಡವರಿಗೇ ಬುದ್ಧಿ ಇಲ್ಲ. ನಮ್ಮ ಆಶಾ ಕಾರ್ಯಕರ್ತೆ ಜಾಣೆ. "ಜ್ವರ ಬರೂದs ಬರ್ತೈತಿ, ಸಂತಿ ದಿನ ಬಾ, ಮರುದಿನ ಮಲಕ್ಕೋ" ಅಂತ ನೇರವಾಗಿ ಹೇಳಿದಳು. ಬಂದರು. ಬರುವುದೇ ಇಲ್ಲ ಅಂದವರಲ್ಲಿ ಬಹಳಷ್ಟು ಮಂದಿ ಬೆಂಗಳೂರಿಗೆ ಗುಳೆ ಹೋಗುವ ಹೊತ್ತಿಗೆ ಸರ್ಟಿಫಿಕೇಟ್ ಬೇಕು ಅಂತ ತಾವಾಗೇ ಬಂದರು, ಅದು ಬೇರೆ ಮಾತು.

ಇಷ್ಟು ಹಳ್ಳಿಯ ಕತೆ. ಓದಿದವರ ಜಗಳ ಬೇರೆ ಇತ್ತು, ಅದರಲ್ಲಿ ಹುರುಳೂ ಇತ್ತು. ಕೋವ್ಯಾಕ್ಸಿನ್‌ಗೆ 2021ರ ಜನವರಿ 3ರಂದು ತುರ್ತು ಬಳಕೆಗೆ ಅನುಮತಿ ಕೊಟ್ಟಾಗ ಮೂರನೇ ಹಂತದ ಪ್ರಯೋಗದ ಫಲಿತಾಂಶ ಇನ್ನೂ ಬಂದಿರಲಿಲ್ಲ. 'ಕ್ಲಿನಿಕಲ್ ಟ್ರಯಲ್ ಮೋಡ್', ಅಂದರೆ ಪ್ರಯೋಗದ ಹಾಗೆ, ಅಂತ ಹೆಸರಿಟ್ಟು, ಸಹಿ ತಗೊಂಡು ಹಾಕಿದರು. ಇದನ್ನು ಪ್ರಶ್ನಿಸಿದ ವಿಜ್ಞಾನಿಗಳನ್ನು ದೇಶದ್ರೋಹಿಗಳ ಹಾಗೆ ನೋಡಿದ್ದು ತಪ್ಪು. ಆಮೇಲೆ ಫಲಿತಾಂಶ ಬಂತು, ಚೆನ್ನಾಗಿಯೇ ಇತ್ತು: ರೋಗಲಕ್ಷಣ ಇರುವ ಕೋವಿಡ್ ವಿರುದ್ಧ 77.8% ರಕ್ಷಣೆ. 2021ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು. ಫಲಿತಾಂಶ ಚೆನ್ನಾಗಿ ಬಂದ ಮಾತ್ರಕ್ಕೆ ಮೊದಲು ಕೇಳಿದ ಪ್ರಶ್ನೆ ತಪ್ಪಾಗಲ್ಲ.

ಕೋವಿಶೀಲ್ಡ್‌ನ ಎರಡು ಡೋಸ್ ನಡುವಿನ ಅಂತರವೂ ಹಾಗೇ. ಮೊದಲು 4ರಿಂದ 6 ವಾರ. ಮಾರ್ಚ್‌ನಲ್ಲಿ 6ರಿಂದ 8. ಮೇ ತಿಂಗಳಲ್ಲಿ 12ರಿಂದ 16. ಆ ಮೇ ತಿಂಗಳಲ್ಲೇ ಲಸಿಕೆ ಸಾಲದೆ ರಾಜ್ಯ ಸರ್ಕಾರ 18ರಿಂದ 44 ವಯಸ್ಸಿನವರಿಗೆ ಹಾಕುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಹಾಗಾಗಿ ಸ್ಟಾಕ್ ಇಲ್ಲ, ಅದಕ್ಕೇ ಮುಂದೆ ಹಾಕ್ತಿದ್ದಾರೆ ಅಂತ ಜನ ಅಂದರು. ಅಂತರ ಜಾಸ್ತಿ ಮಾಡಿದರೆ ರಕ್ಷಣೆ ಹೆಚ್ಚುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಆಧಾರ ಇತ್ತು. ಆದರೆ ಕ್ಯಾಂಪಿಗೆ ಬಂದವರಿಗೆ ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. "ಇನ್ನೂ ಟೈಮ್ ಆಗಿಲ್ಲ, ಹೋಗಿ ಬನ್ನಿ" ಅಂತ ವಾಪಸ್ ಕಳಿಸಿದ್ದು ನಾನೇ, ನನಗೂ ಯಾರೂ ಹೇಳಿರಲಿಲ್ಲ.

ಲಸಿಕೆ ಕೆಲಸ ಮಾಡಿತಾ? ಎರಡು ಡೋಸ್ ಹಾಕಿಸಿದರೂ ಕೊರೊನಾ ಬಂತಲ್ಲ ಅಂತ ಇವತ್ತಿಗೂ ಕೇಳ್ತಾರೆ. ಬಂತು, ನಿಜ. ಕೊರೊನಾದ ಡೆಲ್ಟಾ ತಳಿ ಇದ್ದಾಗ ಬ್ರಿಟನ್ನಿನಲ್ಲಿ ತೆಗೆದ ಲೆಕ್ಕ ಹೀಗಿದೆ: ನಮ್ಮಲ್ಲಿ ಕೋವಿಶೀಲ್ಡ್ ಅಂತ ಕರೆದ ಅದೇ ಆಸ್ಟ್ರಾಜೆನೆಕಾ ಲಸಿಕೆ ಎರಡು ಡೋಸ್ ಆದ ಮೇಲೆ ಕಾಯಿಲೆ ಬೀಳುವುದನ್ನು ಸುಮಾರು 67% ತಡೆಯಿತು, ಆಸ್ಪತ್ರೆ ಸೇರುವುದನ್ನು 92% ತಡೆಯಿತು. ಒಂದೇ ಡೋಸ್ ಆದವರಿಗೆ ಕಾಯಿಲೆಯಿಂದ ಸಿಕ್ಕ ರಕ್ಷಣೆ 30% ಅಷ್ಟೇ. ಒಮಿಕ್ರಾನ್ ತಳಿ ಬಂದ ಮೇಲೆ ಸೋಂಕು ತಡೆಯುವುದು ಇನ್ನೂ ಕಮ್ಮಿಯಾಯಿತು. "ಹಾಕಿಸಿಕೊಂಡರೆ ಕೊರೊನಾ ಬರಲ್ಲ" ಅಂತ ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದವರು ಮಾಡಿದ ಹಾನಿ ಸಣ್ಣದಲ್ಲ. "ಬಂದರೂ ಆಕ್ಸಿಜನ್ ಬೆಡ್‌ವರೆಗೆ ಹೋಗುವುದು ತಪ್ಪುತ್ತದೆ" ಅಂದಿದ್ದರೆ ಸಾಕಿತ್ತು. ಆ ಮೇ ತಿಂಗಳಲ್ಲಿ ಆಕ್ಸಿಜನ್ ಬೆಡ್ ಅಂದರೆ ಏನು ಅಂತ ಇಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಈಗ ರಕ್ತ ಹೆಪ್ಪುಗಟ್ಟುವ ವಿಷಯ. 2024ರಲ್ಲಿ ಆಸ್ಟ್ರಾಜೆನೆಕಾ ಬ್ರಿಟನ್ನಿನ ಕೋರ್ಟಿನಲ್ಲಿ ಒಪ್ಪಿಕೊಂಡಿತು ಅಂತ ಟೀವಿಯವರು ಬೊಬ್ಬೆ ಹೊಡೆದರು. ಅದು ಹೊಸ ವಿಷಯವೇ ಅಲ್ಲ. 2021ರ ಏಪ್ರಿಲ್‌ನಲ್ಲೇ ಯುರೋಪಿನ ಔಷಧ ಸಂಸ್ಥೆ ಅದನ್ನು ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿತ್ತು. ರಕ್ತದ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತವೆ, ಜೊತೆಗೇ ರಕ್ತ ಹೆಪ್ಪುಗಟ್ಟುತ್ತದೆ, ಅದನ್ನು ಟಿಟಿಎಸ್ ಅಂತಾರೆ. 2021ರ ಮೇ ತಿಂಗಳಲ್ಲಿ ಲಸಿಕೆಯ ಅಡ್ಡಪರಿಣಾಮ ನೋಡುವ ನಮ್ಮ ಕೇಂದ್ರ ಸಮಿತಿ ಕೊಟ್ಟ ಲೆಕ್ಕ 10 ಲಕ್ಷ ಡೋಸ್‌ಗೆ 0.61. ಬ್ರಿಟನ್ನಿನಲ್ಲಿ ಆಗ 4, ಜರ್ಮನಿಯಲ್ಲಿ 10. ನಮ್ಮದು ನಿಜಕ್ಕೂ ಅಷ್ಟು ಕಮ್ಮಿಯಾ ಅಂತ ನನಗೆ ಗುಮಾನಿ ಇದೆ. ಹಳ್ಳಿಯಲ್ಲಿ ತಲೆನೋವು ಅಂತ ಮಲಗಿ ಸತ್ತವರ ಪ್ಲೇಟ್‌ಲೆಟ್ ಯಾರು ಎಣಿಸುತ್ತಾರೆ? ಇರಲಿ, ಜರ್ಮನಿಯ ಲೆಕ್ಕವನ್ನೇ ಹಿಡಿಯಿರಿ. ಲಕ್ಷಕ್ಕೆ ಒಬ್ಬರು. ಆ ಒಬ್ಬರ ಮನೆಯವರಿಗೆ ಅದು ನೂರಕ್ಕೆ ನೂರು, ಅವರಿಗೆ ಪರಿಹಾರ ಸಿಗಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಹಾಗಂತ ಉಳಿದವರೆಲ್ಲ ಹೆದರಿ ಕೂರುವ ಲೆಕ್ಕ ಅದಲ್ಲ.

ಹೃದಯಾಘಾತಕ್ಕೆ ಬರೋಣ. ಸುಮ್ನೆ ಒಂದು ಲೆಕ್ಕ ಹಾಕಿ. ಮೂರು ಲಕ್ಷ ಜನರ ಒಂದು ತಾಲೂಕು. ಯಾವ ಮಹಾಮಾರಿಯೂ ಇಲ್ಲದ ವರ್ಷದಲ್ಲೂ ಸಾವಿರಕ್ಕೆ ಸುಮಾರು ಆರು ಜನ ಸಾಯುತ್ತಾರೆ. ಅಂದರೆ ವರ್ಷಕ್ಕೆ 1,800, ವಾರಕ್ಕೆ ಸುಮಾರು 35. ಆ ತಾಲೂಕಿನ ಎಲ್ಲರಿಗೂ ಸೋಮವಾರ ಬರೀ ನೀರಿನ ಸೂಜಿ ಹಾಕಿದರೂ ಮುಂದಿನ ಸೋಮವಾರದೊಳಗೆ 35 ಜನ ಸತ್ತಿರುತ್ತಾರೆ. ಪ್ರತಿ ಮನೆಯವರೂ "ಸೂಜಿ ಹಾಕಿಸಿ ವಾರ ಆಗಿರಲಿಲ್ಲ" ಅಂತಾರೆ. ಅವರು ಹೇಳುವುದು ಸುಳ್ಳೂ ಅಲ್ಲ.

ಅದಕ್ಕೇ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಬೇಕು. ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ ಅದನ್ನು ಮಾಡಿತು. ಆರೋಗ್ಯವಾಗಿದ್ದು 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ದಿಢೀರ್ ತೀರಿಕೊಂಡ 18ರಿಂದ 45 ವಯಸ್ಸಿನವರನ್ನು ನೋಡಿದರು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಹೆಚ್ಚಿದ್ದು ಕೋವಿಡ್ ಆಗಿ ಆಸ್ಪತ್ರೆ ಸೇರಿದ್ದವರಿಗೆ, ಮನೆತನದಲ್ಲಿ ಹಾಗೆ ದಿಢೀರ್ ಸಾವು ಆಗಿದ್ದವರಿಗೆ, ಸಾಯುವ ಮುಂಚಿನ ಎರಡು ದಿನದಲ್ಲಿ ಕಂಠಪೂರ್ತಿ ಕುಡಿದವರಿಗೆ ಅಥವಾ ಮೈಮುರಿಯುವಷ್ಟು ದಣಿದವರಿಗೆ. 2025ರ ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆತುರದಲ್ಲಿ ಒಪ್ಪಿಗೆ ಕೊಟ್ಟ ಲಸಿಕೆಯೂ ಕಾರಣ ಇರಬಹುದು ಅಂದರು. ಕೇಂದ್ರ ಆರೋಗ್ಯ ಇಲಾಖೆ ಅಲ್ಲ ಅಂದಿತು. ಕೊನೆಗೆ ಜಯದೇವ ಆಸ್ಪತ್ರೆಯ ಡಾ. ರವೀಂದ್ರನಾಥ್ ಅವರ ನೇತೃತ್ವದ ರಾಜ್ಯದ್ದೇ ಸಮಿತಿ ಕೂಡ ನಂಟು ಕಾಣಲಿಲ್ಲ ಅಂತ ವರದಿ ಕೊಟ್ಟಿತು. ಮೊದಲ ಹೇಳಿಕೆ ಎಲ್ಲರಿಗೂ ನೆನಪಿದೆ, ಸಮಿತಿಯ ಮಾತು ಯಾರಿಗೂ ನೆನಪಿಲ್ಲ.

ಇನ್ನೊಂದು ಗೊಂದಲ ನೋಡಿ. ಹರೆಯದ ಹುಡುಗರಲ್ಲಿ ಹೃದಯದ ಸ್ನಾಯು ಊದಿಕೊಳ್ಳುವುದು ಫೈಜರ್, ಮಾಡರ್ನಾದಂಥ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಕಂಡ ಅಪರೂಪದ ತೊಂದರೆ. ಅಮೆರಿಕದ ಆ ವಿಡಿಯೊಗಳಿಗೆ ಕನ್ನಡ ದನಿ ಕೊಟ್ಟು ಇಲ್ಲಿ ಹಂಚುತ್ತಾರೆ. ನಮ್ಮ ಕ್ಯಾಂಪುಗಳಿಗೆ ಬಂದದ್ದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್.

ಒತ್ತಾಯದ ಬಗ್ಗೆ ಒಂದು ಮಾತು. ಕೆಲವು ಕಡೆ ರೇಷನ್ ನಿಲ್ಲಿಸ್ತೀವಿ ಅಂತ ಹೆದರಿಸಿದ್ದು ನನಗೆ ಗೊತ್ತು. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವ ಹಾಗಿಲ್ಲ ಅಂದಿತು, ಅಡ್ಡಪರಿಣಾಮದ ಮಾಹಿತಿ ಜನರಿಗೆ ಸಿಗಬೇಕು ಅಂತಲೂ ಹೇಳಿತು. ಅದೇ ತೀರ್ಪು ಸರ್ಕಾರದ ಲಸಿಕೆ ನೀತಿಯನ್ನು ಎತ್ತಿಹಿಡಿಯಿತು. ಎರಡೂ ಕಡೆಯವರು ತಮಗೆ ಬೇಕಾದ ಅರ್ಧವನ್ನು ಮಾತ್ರ ಓದಿ ಹೇಳ್ತಾರೆ.

2024ರ ಗಲಾಟೆಯಲ್ಲಿ ನನ್ನ ಸಹೋದ್ಯೋಗಿ ಒಬ್ಬರು ಗಾಬರಿಯಾಗಿ, ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡುವ ಡಿ-ಡೈಮರ್ ಟೆಸ್ಟ್ ಮಾಡಿಸಿಕೊಂಡು ಬಂದರು. ನಿಮಗೂ ಯಾರಾದರೂ ಹೇಳಿದರೆ ದುಡ್ಡು ಹಾಕಬೇಡಿ. ಟಿಟಿಎಸ್ ಬರುವುದಿದ್ದರೆ ಸೂಜಿ ಹಾಕಿಸಿದ ಕೆಲವೇ ವಾರಗಳಲ್ಲಿ ಬರುತ್ತದೆ, ಅದೂ ಹೆಚ್ಚಾಗಿ ಮೊದಲ ಡೋಸ್ ಆದ ಮೇಲೆ. ವರ್ಷಗಟ್ಟಲೆ ಒಳಗೆ ಕೂತಿದ್ದು ಎದ್ದು ಬರುವ ತೊಂದರೆ ಅದಲ್ಲ. ಅದೇ ದುಡ್ಡಿನಲ್ಲಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ಕೋವಿಡ್ ಆಗಿ ಆಸ್ಪತ್ರೆಯಲ್ಲಿ ಇದ್ದು ಬಂದವರಾದರೆ ಅಥವಾ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹೃದಯದ ತೊಂದರೆಯಿಂದ ಹೋಗಿದ್ದರೆ ಒಮ್ಮೆ ಡಾಕ್ಟರ್ ಹತ್ತಿರ ಹೋಗಿ ಅದನ್ನು ಬಾಯಿಬಿಟ್ಟು ಹೇಳಿ, ಇಸಿಜಿ ಬೇಕಾ ಅಂತ ಅವರೇ ನೋಡ್ತಾರೆ.